ನಡುಮನೆಯ ಬಸ್ಸಿನಲ್ಲಿ ಮಗ್ಗಿ

ಇದನ್ನು ಹೇಳುವುದನ್ನು ನಾನು ಬಹಳ ದಿನದಿಂದ ಮುಂದಕ್ಕೆ ತಳ್ಳುತ್ತಾ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡು ಆಮೇಲೆ ಬರೆಯೋಣ ಅಂದುಕೊಂಡೆ. ಪೊರೆ ತೆಗೆಸಿದ್ದಾಯಿತು, ಎದುರು ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಕೂಡ ಕಾಣುವಂತಾಯಿತು. ಅವರೆಕಾಯಿ ಕಾಲ ಮುಗಿಯಲಿ ಅಂದೆ, ಯಾಕೆಂದರೆ ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಗಂಡಸರನ್ನೂ ಕೂರಿಸಿ ಕಾಳು ಹಿದುಕಿಸುತ್ತಾರೆ. ಅದೂ ಮುಗಿಯಿತು. ಈಗ ನನ್ನ ಹತ್ತಿರ ನೆಪ ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಬಸ್ ಕಂಡಕ್ಟರ್ ಆದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ನಡುವಿನ ರಸ್ತೆಗಳಲ್ಲೇ ನನ್ನ ನೌಕರಿಯೆಲ್ಲ ಕಳೆಯಿತು. ನಿವೃತ್ತಿಯಾದ ಮೇಲೆ ಚನ್ನರಾಯಪಟ್ಟಣದಲ್ಲಿ, ಬಸ್ ಸ್ಟ್ಯಾಂಡಿನ ಹಾರನ್ ಕೇಳುವಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡೆ. ಹಾರನ್ ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕೇಳಿದರೆ ನನ್ನ ಹೆಂಡತಿಗೆ ಬರುವುದಿಲ್ಲ.

ನಮಗೆ ಒಬ್ಬಳೇ ಮಗಳು. ಅಳಿಯನ ಜಮೀನು ದಂಡಿಗನಹಳ್ಳಿ ಕಡೆ. ಅವನು ಬೆಳಿಗ್ಗೆ ಸ್ಕೂಟರ್ ಹತ್ತಿ ಹೊಲಕ್ಕೆ ಹೋದರೆ ಬರುವುದು ಸಂಜೆಗೆ. ಮನೆ ಮಾತ್ರ ನಮ್ಮ ಹಿಂದಿನ ಬೀದಿಯಲ್ಲೇ. ಅವರ ಮಗಳು, ನನ್ನ ಮೊಮ್ಮಗಳು, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಶಾಲೆ ಬಿಟ್ಟರೆ ನೇರವಾಗಿ ನಮ್ಮ ಮನೆಗೆ ಬರುತ್ತಾಳೆ. ಅವಳಿಗೆ ಪಾಠ ಹೇಳುವ ಕೆಲಸವನ್ನು ಯಾರೂ ನನಗೆ ಕೊಡಲಿಲ್ಲ, ನಾನೇ ತೆಗೆದುಕೊಂಡೆ.

ನನ್ನ ಪಾಠವೆಂದರೆ ಎರಡೇ. ಒಂದು, ಪುಸ್ತಕದಲ್ಲಿರುವುದನ್ನು ನೋಡಿಕೊಂಡು ಮತ್ತೆ ಮತ್ತೆ ಬರೆಯುವುದು. ಇನ್ನೊಂದು, ಜಗಲಿಯ ಮೇಲೆ ಕುಳಿತು ಬೀದಿಗೆಲ್ಲ ಕೇಳುವ ಹಾಗೆ ಮಗ್ಗಿ ಹೇಳುವುದು. ದನಿ ಎಷ್ಟು ಜೋರಾಗಿದೆಯೋ ವಿದ್ಯೆ ಅಷ್ಟು ಗಟ್ಟಿ ಅಂತ ನಾನು ನಂಬಿದ್ದೆ. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ಅವಳು ಶುರು ಮಾಡಿದರೆ ಪಕ್ಕದ ಮನೆಯವರು ಟೀವಿ ಸದ್ದು ಜಾಸ್ತಿ ಮಾಡಿಕೊಳ್ಳುತ್ತಿದ್ದರು. ಅದನ್ನೂ ನಾನು ಹೊಗಳಿಕೆ ಅಂತಲೇ ತಿಳಿದುಕೊಂಡೆ.

ಒಂದು ಸಂಜೆ ತಮಾಷೆಗೆ ನಡುವಿನಿಂದ ಕೇಳಿದೆ. "ಏಳಾರ್ಲ ಎಷ್ಟು ಮಗಾ?"

ಮೊಮ್ಮಗಳು ನನ್ನ ಮುಖ ನೋಡಿದಳು. ಆಮೇಲೆ ತುಟಿಯಲ್ಲೇ ಏಳೊಂದ್ಲದಿಂದ ಶುರು ಮಾಡಿ, ಬೆರಳು ಮಡಚುತ್ತಾ ಬಂದು, ನಡುವೆ ತಪ್ಪಿ, ಮತ್ತೆ ಮೊದಲಿಂದ ಹಿಡಿದಳು. ನನಗೆ ರೇಗಿತು. "ಇಷ್ಟು ದಿನ ಹೇಳಿದ್ದೆಲ್ಲ ಎಲ್ಲೋಯ್ತೇ?" ಅಂದೆ.

ಅವಳು ಅಳಲಿಲ್ಲ. ಬಹಳ ಸಾಧಾರಣವಾಗಿ, ಮನೆಯಲ್ಲಿ ಸಕ್ಕರೆ ಮುಗಿದಿದೆ ಅನ್ನುವ ಹಾಗೆ ಹೇಳಿದಳು. "ನಾನೂ ಅಮ್ಮನ ತರನೇ ತಾತ. ತಲೇಲಿ ಜೇಡಿಮಣ್ಣು."

ಒಳಗೆ ಅವರೆಕಾಳು ಹುರಿಯುತ್ತಿದ್ದ ನನ್ನ ಹೆಂಡತಿಯ ಸೌಟು ನಿಂತದ್ದು ನನಗೆ ಕೇಳಿಸಿತು.

ಆ ಮಾತು ಯಾರದು ಅಂತ ಹೇಳಿಬಿಡುತ್ತೇನೆ. ಅದು ನನ್ನದು. ನನ್ನ ಮಗಳು ಇದೇ ವಯಸ್ಸಿನಲ್ಲಿದ್ದಾಗ ಅವಳಿಗೂ ನಾನು ಹೀಗೇ ಪಾಠ ಹೇಳಿದ್ದೆ. ಇಪ್ಪತ್ತರವರೆಗೆ ಮಗ್ಗಿಯನ್ನು ಅವಳು ಹಾಡಿನ ಹಾಗೆ ಹೇಳುತ್ತಿದ್ದಳು. ಹೊಳೆನರಸೀಪುರದಲ್ಲಿ ನೆಂಟರ ಮದುವೆಗೆ ಹೋದಾಗ, ಊಟದ ಪಂಕ್ತಿಗೆ ಕಾಯುತ್ತಾ, ನನ್ನ ಷಡ್ಡಕನ ಮುಂದೆ ಅವಳನ್ನು ನಿಲ್ಲಿಸಿ ಜಂಬ ಕೊಚ್ಚಿಕೊಂಡೆ. ಅವನು ಎಲೆ ಅಡಿಕೆ ಅಗಿಯುತ್ತಾ, "ಅಂಗಾರೆ ಏಳೆಂಟ್ಲ ಎಷ್ಟು ಏಳವ್ವ" ಅಂದ. ಮಗಳು ಏಳೊಂದ್ಲದಿಂದ ಹಿಡಿದಳು. ಬಾಜಾಬಜಂತ್ರಿಯ ಗದ್ದಲದಲ್ಲಿ ನಡುವೆ ದಾರಿ ತಪ್ಪಿತು. ಸುತ್ತ ಇದ್ದವರು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕು, "ಇದ್ರ ತಲೇಲಿ ಬರೀ ಜೇಡಿಮಣ್ಣು ಕಣಪ್ಪ" ಅಂದುಬಿಟ್ಟೆ. ನಗೆ ಅವತ್ತಿಗೆ ಮುಗಿಯಿತು, ಹೆಸರು ಮುಗಿಯಲಿಲ್ಲ. ನೆಂಟರ ಮನೆಗಳಲ್ಲಿ ಅವಳು ಜೇಡಿಮಣ್ಣು ಆಗಿಯೇ ಬೆಳೆದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ಇನ್ನೊಂದು ಸಲ ಕಟ್ಟುತ್ತೇನೆ ಅಂತ ಕೇಳಿದಳು. "ನಿಂಗ್ಯಾಕೆ ಬುಡು" ಅಂತ ನಾನು ಗಂಡು ನೋಡಲು ಶುರು ಮಾಡಿದೆ.

ಈಗ ಆ ಹೆಸರು ಒಂದು ತಲೆಮಾರು ದಾಟಿ ಮೊಮ್ಮಗಳ ಬಾಯಿಗೆ ಬಂದಿತ್ತು. ಅದರ ಜೊತೆಗೆ ಇನ್ನೊಂದೂ ಬಂತು. ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಶುರುವಾಗಿ, ದೋಸೆ ಹುಯ್ಯುವ ಹೊತ್ತಿಗೆ ಸರಿಯಾಗಿ ವಾಸಿಯಾಗುವ ಹೊಟ್ಟೆನೋವು. ಅಳಿಯ ಓಮಿನ ಕಷಾಯ ಕುಡಿಸಿದ. ನನ್ನ ಹೆಂಡತಿ ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು. ಮಗಳು ಮಾತ್ರ ಏನೂ ಮಾಡದೆ ಮೊಮ್ಮಗಳ ಜಡೆ ಹಾಕುತ್ತಾ, "ನಂಗೂ ಇಂಗೇ ಆಯ್ತಿತ್ತು" ಅಂದಳು.

ಆ ತಿಂಗಳು ಶಾಲೆಯಲ್ಲಿ ಪೋಷಕರ ಸಭೆ ಕರೆದರು. ಮಗಳ ಜೊತೆ ನಾನೂ ಹೋದೆ. ಮೊಮ್ಮಗಳ ತರಗತಿಗೆ ಹೊಸದಾಗಿ ಬಂದ ಮಿಸ್ಸಿನ ಮೇಲೆ ನನಗೆ ಮೊದಲಿಂದಲೂ ಅಸಮಾಧಾನವಿತ್ತು. ಅವರು ಬರೆಸುವುದು ಕಡಿಮೆ. ಪುಸ್ತಕ ಮುಚ್ಚಿಸಿ, ನೆನಪಿದ್ದದ್ದನ್ನು ಹೇಳಿ ಅನ್ನುತ್ತಾರಂತೆ. ಮುಗಿದುಹೋದ ಪಾಠದ ಪ್ರಶ್ನೆಯನ್ನು ವಾರ ಬಿಟ್ಟು ಇದ್ದಕ್ಕಿದ್ದಂತೆ ಕೇಳುತ್ತಾರಂತೆ. ಕೂಡುವ ಲೆಕ್ಕ, ಕಳೆಯುವ ಲೆಕ್ಕ, ಗುಣಿಸುವ ಲೆಕ್ಕ ಎಲ್ಲವನ್ನೂ ಕಲಸಿ ಕೊಡುತ್ತಾರಂತೆ.

ಮಿಸ್ಸು ಅಂದು ಅದನ್ನೇ ವಿವರಿಸಿದರು. "ಮಕ್ಕಳು ಹೇಗೆ ಕಲೀತಾರೆ ಅಂತ ಸಂಶೋಧನೆ ಮಾಡಿದೋರು ಹೇಳೋದು ಇದು. ನೋಡ್ಕೊಂಡು ಓದಿದ್ರೆ, ನೋಡ್ಕೊಂಡು ಬರೆದ್ರೆ, ಬಂತು ಅನ್ಸುತ್ತೆ. ಅದು ಅನ್ಸಿಕೆ ಅಷ್ಟೆ. ಪುಸ್ತಕ ಮುಚ್ಚಿ, ಕಷ್ಟಪಟ್ಟು ನೆನಪು ಮಾಡಿಕೊಂಡಿದ್ದು ಉಳಿಯುತ್ತೆ. ಒಂದೇ ದಿನ ಎಲ್ಲಾ ತುಂಬೋದಕ್ಕಿಂತ ಸ್ವಲ್ಪ ಬಿಟ್ಟು ಬಿಟ್ಟು ಕೇಳಿದ್ರೆ ಇನ್ನೂ ಚೆನ್ನಾಗಿ ಉಳಿಯುತ್ತೆ. ಸಾಲಾಗಿ ಅಲ್ಲ, ಕಲಸಿ ಕೇಳ್ಬೇಕು. ತಪ್ಪಾದ್ರೆ ಬೈಬೇಡಿ, ಸರಿ ಯಾವುದು ಅಂತ ತಿಳಿಸಿ. ರಾತ್ರಿ ಚೆನ್ನಾಗಿ ಮಲಗೋಕೆ ಬಿಡಿ. ಕಲ್ತಿದ್ದನ್ನ ಮನೇಲಿ ಯಾರಿಗಾದ್ರೂ ಹೇಳ್ಕೊಡೋಕೆ ಹೇಳಿ."

ಅವರ ಮಾತಿಗೆ ಹಿಂದಿನ ಬೆಂಚಿನಿಂದ ಒಬ್ಬ ಅಪ್ಪ, "ನಮ್ಮನೇಲಿ ಕೇಳೋಕೆ ಎಮ್ಮೆ ಒಂದೇ ಪುರ್ಸೊತ್ತಾಗಿರೋದು ಮಿಸ್" ಅಂದ. ಮಿಸ್ಸು ನಕ್ಕು, "ಎಮ್ಮೆಗಾದ್ರೂ ಹೇಳ್ಲಿ, ಅದು ನಡುವೆ ಬಾಯಿ ಹಾಕಲ್ಲ" ಅಂದರು.

ನಾನು ಎದ್ದು ನಿಂತೆ. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೇಳಿಸುವಂತೆ ಕೂಗಿ ಅಭ್ಯಾಸವಾದ ಗಂಟಲು. "ನಾವೆಲ್ಲಾ ಬರ್ದು ಬರ್ದೇ ಕಲ್ತಿದ್ದು ಮೇಡಂ. ಬರ್ಸೋಕೆ ಸೋಮಾರಿತನ ಆಗಿ ಈ ಆಟ ಹೂಡಿದೀರಾ? ಇದಕ್ಕೂ ಸಂಬ್ಳ ಕೊಡ್ತಾರಾ?" ಅಂದೆ.

ಮಿಸ್ಸಿನ ಮುಖ ಕೆಂಪಾಯಿತು, ಆದರೂ "ಕೂತ್ಕೊಳ್ಳಿ ಸರ್, ಒಂದು ತಿಂಗಳು ನೋಡಿ ಆಮೇಲೆ ಬೈಯಿರಿ" ಅಂದರು. ಮಗಳು ನನ್ನ ಅಂಗಿಯ ತುದಿ ಹಿಡಿದು ಎಳೆದಳು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

ನನ್ನ ಗಂಟಲು ಇಳಿದದ್ದು ಒಂದು ಬಸ್ಸಿನಲ್ಲಿ. ರುದ್ರಪಟ್ಟಣದಲ್ಲಿ ನನ್ನ ಹೆಂಡತಿಯ ಕಡೆಯವರ ಗೃಹಪ್ರವೇಶವಿತ್ತು. ನಾನು, ಹೆಂಡತಿ, ಮಗಳು, ಮೊಮ್ಮಗಳು ಹೊರಟೆವು. ಹೆಂಗಸರಿಗೆಲ್ಲ ಬಸ್ಸು ಫ್ರೀ. ದುಡ್ಡು ಕೊಟ್ಟವನು ನಾನೊಬ್ಬನೇ ಆದ್ದರಿಂದ ಕಿಟಕಿ ಪಕ್ಕದ ಸೀಟು ನನಗೆ ಬೇಕು ಅಂದೆ. ಮೂವರಲ್ಲಿ ಯಾರೂ ಕೊಡಲಿಲ್ಲ.

ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಕುಳಿತ ಮೇಲೆ ಮೊಮ್ಮಗಳು ಟಿಕೆಟ್ ಮಿಷನ್ನು ನೋಡಿ, "ತಾತ, ನಿಂಗೂ ಇದಿತ್ತಾ?" ಅಂದಳು.

"ಎಲ್ಲಿಂದ ಬರ್ಬೇಕು? ನಮ್ದೆಲ್ಲ ಬಾಯ್ಲೆಕ್ಕ. ಯಾವೂರಿಂದ ಯಾವೂರಿಗೆ ಬೇಕಾರೂ ಕೇಳು."

ಅವಳು ಕೇಳಿದಳು. ಮೊಸಳೆಹೊಸಹಳ್ಳಿಯಿಂದ ಹಾಸನಕ್ಕೆ, ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ, ಹಿರೀಸಾವೆಯಿಂದ ಚನ್ನರಾಯಪಟ್ಟಣಕ್ಕೆ, ಎಲ್ಲವನ್ನೂ ಹಿಂದುಮುಂದಾಗಿ. ನಾನು ನನ್ನ ಕಾಲದ ದರವನ್ನು, ಪೂರಾ ಟಿಕೆಟ್ಟು ಅರ್ಧ ಟಿಕೆಟ್ಟು ಸಮೇತ, ಪಟಪಟ ಹೇಳಿದೆ. ಈಗಿನ ಕಂಡಕ್ಟರ್ ಹುಡುಗಿ ನಿಂತು ಕೇಳಿಸಿಕೊಂಡು, "ಸಾ, ಈ ರೇಟಿಗೆ ಈಗ ಬಸ್ಸು ತೋರ್ಸೋದೂ ಇಲ್ಲ" ಅಂದಳು. ಸುತ್ತಲಿನವರು ನಕ್ಕರು. ನನಗೆ ಖುಷಿಯಾಯಿತು.

"ಇಷ್ಟೊಂದಾ! ಎಷ್ಟು ಸಲ ಬರ್ದೆ ತಾತ?" ಅಂದಳು ಮೊಮ್ಮಗಳು.

"ಬರೆಯೋದಾ? ಒಂದ್ಸಲನೂ ಬರ್ದಿಲ್ಲ ಕಣವ್ವಾ."

"ಮತ್ತೆಂಗೆ ಬಂತು?"

ನಾನು ಹೆಮ್ಮೆಯಿಂದಲೇ ಹೇಳಲು ಶುರು ಮಾಡಿದೆ. ಹೊಸದಾಗಿ ಸೇರಿದಾಗ ನನ್ನ ಜೊತೆಗೆ ಒಬ್ಬ ಹಿರಿಯ ಡ್ರೈವರ್ ಇದ್ದ, ಹಿರೀಸಾವೆ ಕಡೆಯವನು. ರೈಲ್ವೆ ಗೇಟು ಹಾಕಿದಾಗಲೆಲ್ಲ ಇಂಜಿನ್ ಆಫ್ ಮಾಡಿ ಹಿಂದಕ್ಕೆ ತಿರುಗುತ್ತಿದ್ದ. "ಲೋ, ಮೊಸಳೆಹೊಸಹಳ್ಳಿಯಿಂದ ಅರಕಲಗೂಡಿಗೆ ಎರಡೂವರೆ ಟಿಕೆಟ್ಟು, ಎಷ್ಟ್ಲಾ?" ನಾನು ದರದ ಪಟ್ಟಿಗೆ ಕೈ ಹಾಕಿದರೆ, "ನೋಡ್ಬ್ಯಾಡ ಕಣ್ಲಾ, ತಲೆ ಕೆರ್ಕೊ" ಅನ್ನುತ್ತಿದ್ದ. ತಪ್ಪು ಹೇಳಿದರೆ ಸರಿ ಯಾವುದು ಅಂತ ಹೇಳಿ ಸುಮ್ಮನಾಗುತ್ತಿದ್ದ. ಎರಡು ದಿನ ಬಿಟ್ಟು, ನಾನು ಮರೆತೇ ಬಿಟ್ಟಿರುವಾಗ, ಅದನ್ನೇ ಮತ್ತೆ ಕೇಳುತ್ತಿದ್ದ. ಆಗಲೂ ತಪ್ಪಿದರೆ ಮುಂದಿನ ಊರಿನಲ್ಲಿ ನಾನು ಅವನಿಗೆ ವಡೆ ಕೊಡಿಸಬೇಕು. ಆ ಮನುಷ್ಯನ ಹೊಟ್ಟೆ ಬೆಳೆದದ್ದೇ ನನ್ನ ತಪ್ಪುಗಳಿಂದ. ಆಮೇಲಾಮೇಲೆ ಅವನಿಗೆ ವಡೆ ಸಿಗುವುದು ಕಡಿಮೆಯಾಯಿತು.

ಮೊಮ್ಮಗಳು ಕೇಳಿ ಮುಗಿಸಿ, "ನಮ್ಮ ಮಿಸ್ಸೂ ಅಂಗೇ ಅಲ್ವಾ ತಾತ? ವಡೆ ಒಂದು ಕೇಳಲ್ಲ ಅಷ್ಟೆ" ಅಂದಳು.

ಪುಸ್ತಕ ಮುಚ್ಚುವುದು, ಬಿಟ್ಟು ಬಿಟ್ಟು ಕೇಳುವುದು, ಕಲಸಿ ಕೇಳುವುದು, ತಪ್ಪಿಗೆ ಬೈಯದಿರುವುದು. ಸಭೆಯಲ್ಲಿ ನಾನು ಯಾವುದಕ್ಕೆ ಕೂಗಾಡಿದ್ದೆನೋ ಅದೇ ವಿದ್ಯೆಯಿಂದ ನಾನು ಹೊಟ್ಟೆ ಹೊರೆದುಕೊಂಡಿದ್ದೆ. ಅದನ್ನು ಬಸ್ಸಿನಲ್ಲೇ ಬಿಟ್ಟು, ಮನೆಗೆ ಬಂದು, ಮಗಳಿಗೆ ಜಗಲಿಯ ಮೇಲೆ ಗಂಟಲು ಹರಿಯುವಂತೆ ಮಗ್ಗಿ ಹಾಡಿಸಿದ್ದೆ. ಬಸ್ಸಿನಲ್ಲಿ ಯಾವ ಪ್ರಯಾಣಿಕನೂ ಊರುಗಳನ್ನು ಸಾಲಾಗಿ ಕೇಳಿಕೊಂಡು ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮುಂದಿನ ಸೀಟಿನಲ್ಲಿದ್ದ ಮಗಳು ತಿರುಗಿ ನೋಡಲಿಲ್ಲ. ಆದರೆ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕುತ್ತಿಗೆ ಬಾಗಿದ್ದ ರೀತಿಯಲ್ಲೇ ನನಗೆ ಗೊತ್ತಾಯಿತು.

ಊರಿಗೆ ಬಂದ ಮಾರನೆಯ ದಿನ ಜಗಲಿಯ ಮಗ್ಗಿ ನಿಂತಿತು. ಪಕ್ಕದ ಮನೆಯವರು ಯಾರಿಗಾದರೂ ಹುಷಾರಿಲ್ಲವೇನೋ ಅಂತ ವಿಚಾರಿಸಿಕೊಂಡು ಬಂದರು. ಒಳಗೆ ನಡುಮನೆಯಲ್ಲಿ ನಾನೂ ಮೊಮ್ಮಗಳೂ ಕುರ್ಚಿ, ಸ್ಟೂಲು, ಅಕ್ಕಿ ಡಬ್ಬ ಎಲ್ಲವನ್ನೂ ಸಾಲಾಗಿ ಇಟ್ಟು ಒಂದು ಬಸ್ಸು ಮಾಡಿದೆವು. ಮೊಮ್ಮಗಳು ಕಂಡಕ್ಟರ್. ನನ್ನ ಹಳೆಯ ಸೀಟಿ ಅವಳ ಕೊರಳಲ್ಲಿ. ಹತ್ತುವವರು ಬಿಸ್ಕತ್ ಡಬ್ಬದಿಂದ ಒಂದು ಚೀಟಿ ಎತ್ತಿ, ಅದರಲ್ಲಿರುವುದನ್ನು ಕಂಡಕ್ಟರಿಗೆ ಕೇಳಬೇಕು. ಒಂದು ಚೀಟಿಯಲ್ಲಿ ಮಗ್ಗಿ, ಇನ್ನೊಂದರಲ್ಲಿ ಹೋದ ವಾರದ ಪರಿಸರ ಪಾಠ, ಮತ್ತೊಂದರಲ್ಲಿ ಕಳೆಯುವ ಲೆಕ್ಕ. ಸರಿ ಉತ್ತರ ಬಂದರೆ ಬಸ್ಸು ಹೊರಡುತ್ತದೆ. ಬಾರದಿದ್ದರೆ ಬಸ್ಸು ಪಂಕ್ಚರ್, ಉತ್ತರ ಹುಡುಕಿ, ಚೀಟಿಯನ್ನು ಮತ್ತೆ ಡಬ್ಬಕ್ಕೆ ಹಾಕಬೇಕು. ಡ್ರೈವರ್ ಕೆಲಸ ನನಗೆ ಸಿಕ್ಕಿತು. ನೌಕರಿಯಲ್ಲಿ ಸಿಗದ ಬಡ್ತಿ.

ಮೊದಲ ವಾರ ಬಸ್ಸು ಬರೀ ಪಂಕ್ಚರ್. ನನ್ನ ಹೆಂಡತಿ, "ಈ ಬಸ್ಸಲ್ಲಿ ಕೂತ್ರೆ ನಾನು ತವರುಮನೆ ಸೇರಿದಂಗೇ" ಅಂತ ಎದ್ದು ಹೋಗಿ ಒಗ್ಗರಣೆ ಹಾಕಿ ಬಂದಳು. ಆದರೆ ಮೊಮ್ಮಗಳಿಗೆ ಪಂಕ್ಚರ್ ಅವಮಾನವಾಗಲಿಲ್ಲ. ಟಯರು ಬಿಚ್ಚುವ ನಟನೆ ಮಾಡುತ್ತಲೇ ಉತ್ತರ ಹುಡುಕುತ್ತಿದ್ದಳು. ಕಲಿತದ್ದನ್ನು ಹೇಳಿಕೊಡುವ ಪಾಠಕ್ಕೆ ಅಜ್ಜಿಯನ್ನೇ ಹಿಡಿದಳು. ಸಮುದ್ರದ ನೀರು ಆವಿಯಾಗಿ ಮೋಡವಾಗಿ ಮಳೆಯಾಗುವುದನ್ನು ಚಿತ್ರ ಬರೆದು ಹೇಳಿದಾಗ ಅಜ್ಜಿ, "ಅಂಗಾರೆ ಮಳೆನೀರು ಉಪ್ಪುಪ್ಪಾಗಿ ಇರ್ಬೇಕಿತ್ತಲ್ಲ ಕೂಸೇ, ಉಪ್ಪು ಎಲ್ಲಿ ಬುಡ್ತು?" ಅಂದಳು. ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಮೊಮ್ಮಗಳು ಮಾರನೆಯ ದಿನ ಮಿಸ್ಸನ್ನು ಕೇಳಿಕೊಂಡು ಬಂದು, ಉಪ್ಪು ಕೆಳಗೇ ಉಳಿಯುತ್ತದೆ ಅಂತ, ಗೆದ್ದವಳ ಹಾಗೆ ಅಜ್ಜಿಗೆ ಹೇಳಿದಳು. ಕೇಳಲಿಕ್ಕೆಂದೇ ಅವತ್ತು ಸೋಮವಾರ ಓಡಿಕೊಂಡು ಶಾಲೆಗೆ ಹೋಗಿದ್ದಳು ಅನ್ನುವುದು ನಮಗೆ ಆಮೇಲೆ ಹೊಳೆಯಿತು. ಹೊಟ್ಟೆನೋವು ಯಾವಾಗ ಇಳಿದುಹೋಯಿತೋ ಯಾರೂ ಗಮನಿಸಲಿಲ್ಲ.

ಮಿಸ್ಸಿನ ಹತ್ತಿರ ನಾನೇ ಹೋದೆ. ಶಾಲೆಯ ಗೇಟಿನಲ್ಲಿ ನಿಂತು, "ಅವತ್ತು ಸಭೇಲಿ ನಾನು ಅಂದಿದ್ದು ತಪ್ಪಾಯ್ತು ಮೇಡಂ" ಅಂದೆ. ಅವರು, "ಅಯ್ಯೋ, ಅದು ನನಗೆ ಮರೆತೇ ಹೋಗಿತ್ತು ಸರ್. ಬಿಟ್ಟು ಬಿಟ್ಟು ನೆನಪು ಮಾಡ್ಕೊಳ್ಳಲಿಲ್ಲ ನೋಡಿ, ಅದಕ್ಕೇ" ಅಂತ ನಕ್ಕರು. ಮೊಮ್ಮಗಳಿಗೂ ಹೇಳಿದೆ. ನಿನ್ನ ತಲೆಯಲ್ಲಿ ಜೇಡಿಮಣ್ಣಿಲ್ಲ, ನಾನು ಕೇಳುತ್ತಿದ್ದ ರೀತಿ ಸರಿಯಿರಲಿಲ್ಲ ಅಂದೆ. ಅವಳು ಸ್ವಲ್ಪ ಯೋಚಿಸಿ, "ಸರಿ, ಬೆಣ್ಣೆ ಬಿಸ್ಕತ್ ಕೊಡ್ಸು" ಅಂದಳು. ಅಷ್ಟಕ್ಕೆ ತೀರಿತು.

ಒಂದು ಸಂಜೆ ಮಗಳು ಸಾರಿನ ಪಾತ್ರೆ ವಾಪಸು ತೆಗೆದುಕೊಂಡು ಹೋಗಲು ಬಂದಳು. ದಿನವೂ ಬಂದರೂ ಬಾಗಿಲಲ್ಲೇ ನಿಂತು ನಮ್ಮ ಬಸ್ಸನ್ನು ನೋಡಿ ನಕ್ಕು ಹೋಗುತ್ತಿದ್ದಳು. ಅಂದು ಮೊಮ್ಮಗಳು ಸೀಟಿಯನ್ನು ತೆಗೆದು ಅವಳ ಕೊರಳಿಗೆ ಹಾಕಿಬಿಟ್ಟಳು.

"ಇವತ್ತು ಅಮ್ಮ ಕಂಡಕ್ಟರ್!"

"ಬ್ಯಾಡ ಕಣವ್ವಾ, ನಂಗೆ ಬರಕಿಲ್ಲ."

"ಬರ್ದಿದ್ರೆ ಪಂಕ್ಚರ್ ಅಷ್ಟೇ ಕಣಮ್ಮ. ಏನೂ ಆಗಲ್ಲ."

ಅಂದು ನಾನು ಡ್ರೈವರ್ ಕೆಲಸ ಬಿಟ್ಟು ಪ್ರಯಾಣಿಕನಾದೆ. ಡಬ್ಬದಿಂದ ಚೀಟಿ ಎತ್ತಿದೆ. ಏಳೆಂಟ್ಲ. ನೂರಾರು ಚೀಟಿಗಳಿರುವ ಡಬ್ಬದಲ್ಲಿ ನನ್ನ ಬೆರಳಿಗೆ ಅದೇ ಬರಬೇಕೇ? ಕಾಣದ ಹಾಗೆ ವಾಪಸು ಹಾಕಿ ಬೇರೆ ಎತ್ತೋಣ ಅನ್ನಿಸಿತು. ನನ್ನ ಹೆಂಡತಿ, "ಪೊರೆ ತೆಗ್ಸಿದ್ರೂ ಕಾಣ್ದಾ?" ಅಂದಳು. ಮಗಳು ಪಾತ್ರೆಯನ್ನು ಕಂಕುಳಲ್ಲಿ ಹಾಗೇ ಇಟ್ಟುಕೊಂಡು, "ಏನ್ ಬಂದದೆ ಕೇಳಪ್ಪಾ" ಅಂದಳು.

ಕೇಳಿದೆ.

ಅವಳು ನನ್ನನ್ನು ನೋಡಿದಳು. ಹೊಳೆನರಸೀಪುರದ ಮದುವೆ ಅವಳಿಗೂ ನೆನಪಾಯಿತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ತುಟಿ ಏಳೊಂದ್ಲ ಅನ್ನಲು ಶುರುವಾಗಿ ಅಲ್ಲೇ ನಿಂತಿತು. ನನ್ನ ಹೆಂಡತಿ ಹೇಳಿಕೊಡಲು ಬಾಯಿ ತೆರೆದಳು. ಮೊಮ್ಮಗಳು ಅವಳ ಬಾಯಿ ಮುಚ್ಚಿದಳು. "ಯಾರೂ ಹೇಳ್ಕೊಡಂಗಿಲ್ಲ. ಟೈಮ್ ಕೊಡ್ಬೇಕು. ಮಿಸ್ ರೂಲು." ಮಗಳು ತಲೆ ಎತ್ತಿ ಫ್ಯಾನ್ ನೋಡುತ್ತಾ, "ಏಳೇಳ್ಲ ನಲವತ್ತೊಂಬತ್ತು" ಅಂದಳು. "ಅದ್ಕೆ ಇನ್ನೊಂದೇಳು... ಐವತ್ತು... ಐವತ್ತಾರು."

"ರೈಟ್!" ಅಂತ ಮೊಮ್ಮಗಳು ಕುಣಿದಳು. ಮಗಳು ಸೀಟಿ ಊದಿದಳು. ಎಷ್ಟು ಜೋರಾಗಿ ಊದಿದಳೆಂದರೆ ಪಕ್ಕದ ಮನೆಯ ಟೀವಿ ಮತ್ತೆ ಜೋರಾಯಿತು. ಆಮೇಲೆ ನನ್ನ ಕಡೆಗೆ ತಿರುಗಿ, ನಾನು ನೌಕರಿಯುದ್ದಕ್ಕೂ ಕೂಗಿದ ಮಾತನ್ನೇ ಕೂಗಿದಳು. "ಒಳಕ್ಕೋಗಿ, ಒಳಕ್ಕೋಗಿ! ಬಾಗ್ಲಲ್ಲಿ ನಿಂತ್ಕಬ್ಯಾಡಿ!"

ಎಲ್ಲರೂ ನಕ್ಕೆವು. ನಾನು ಒಳಕ್ಕೆ ಹೋಗಿ ಅಕ್ಕಿ ಡಬ್ಬದ ಮೇಲೆ ಕುಳಿತೆ. ಮಿಸ್ಸಿಗೂ ಮೊಮ್ಮಗಳಿಗೂ ಹೇಳಿದ್ದ ತಪ್ಪಾಯ್ತು ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅವಳು ಹೊರಟಾಗ ಗೇಟಿನವರೆಗೂ ಹೋದೆ. "ಮಳೆ ಬರೋ ಅಂಗದೆ, ಬಿರ್ರನೆ ಓಗು" ಅಂದೆ. ಅವಳು ಆಕಾಶ ನೋಡಿದಳು. ಒಂದು ಮೋಡವೂ ಇರಲಿಲ್ಲ. "ಬತ್ತೀನಪ್ಪಾ" ಅಂತ ಹೋದಳು.

ಈಗ ವಾರಕ್ಕೆ ಎರಡು ಮೂರು ಸಲ ಅವಳೂ ಬಸ್ಸು ಹತ್ತುತ್ತಾಳೆ. ಪ್ರತಿ ಸಲವೂ ನಾನು ಗೇಟಿನವರೆಗೆ ಹೋಗಿ ಹವಾಮಾನದ ಮಾತಾಡಿ ವಾಪಸು ಬರುತ್ತೇನೆ. ಮಿಸ್ಸಿಗೆ ತಪ್ಪಾಯಿತು ಅಂದೆ, ಮೊಮ್ಮಗಳಿಗೆ ಅಂದೆ, ಅವೆರಡೂ ಸುಲಭದ ಚೀಟಿಗಳು. ಇನ್ನೂ ಹೇಳದೆ ಉಳಿದಿರುವುದು ಒಬ್ಬಳಿಗೆ. ಮದುವೆಮನೆಯಲ್ಲಿ ನಾನೇ ಜೇಡಿಮಣ್ಣು ಅಂತ ಹೆಸರಿಟ್ಟ, ಇನ್ನೊಂದು ಸಲ ಪರೀಕ್ಷೆ ಕಟ್ಟುತ್ತೇನೆ ಅಂದಾಗ ನಾನೇ ಬೇಡ ಅಂದ, ನನ್ನ ಮಗಳಿಗೆ.